ಗಾಡಿ ಮಾತ್ರ

ಹದ್ದಿಗೆ ಸ್ವಂತದ್ದೊಂದು ಕಾರು ಇರಲಿಲ್ಲ.

ಬೇರೆಯವರ ಕಾರುಗಳನ್ನು ಅವನು ಲೆಕ್ಕವಿಲ್ಲದಷ್ಟು ಓಡಿಸಿದ್ದ. ಅದೇ ಅವನ ಕಸುಬು. ಸಾಲ ಮಾಡಿ ಕಾರು ಕೊಂಡು, ಕಂತು ಕಟ್ಟದೆ ಕೂತವರ ಮನೆ ಮುಂದೆ ಹೋಗಿ, ಫೈನಾನ್ಸ್ ಕಂಪನಿಯ ಪರವಾಗಿ ಗಾಡಿಯನ್ನು ಎತ್ತಿಕೊಂಡು ಬರುವುದು. ಮೇಲಿಂದ ಎರಗಿ ಎತ್ತಿಕೊಂಡು ಹೋಗುತ್ತಾನೆಂದು ಯಾರೋ ಹದ್ದು ಅಂದರು, ಹೆಸರು ಅಂಟಿಕೊಂಡಿತು. ಒಡಹುಟ್ಟಿದ ಅಕ್ಕ ಕೂಡ ಸಿಟ್ಟು ಬಂದಾಗ ಮಾತ್ರ ಅವನ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದಳು.

ಅಕ್ಕನ ಗಂಡ ಚಿಕ್ಕದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದ. ಪ್ರೆಸ್ ಚಿಕ್ಕದು, ನಾಲಿಗೆ ದೊಡ್ಡದು. ನಾಲ್ಕು ಜನ ಸೇರಿದಲ್ಲೆಲ್ಲ ಹದ್ದಿನ ಹೆಗಲ ಮೇಲೆ ಕೈ ಹಾಕಿ, "ಇವನಿಗೂ ಕಳ್ಳನಿಗೂ ಏನು ವ್ಯತ್ಯಾಸ ಹೇಳಿ ನೋಡೋಣ? ಕಳ್ಳನಿಗೆ ತಿಂಗಳ ಸಂಬಳ ಇಲ್ಲ, ಅಷ್ಟೇ" ಎಂದು ತಾನೇ ಮೊದಲು ನಗುತ್ತಿದ್ದ.

"ಕಳ್ಳ ಕೈಗೆ ಸಿಕ್ಕಿದ್ದೆಲ್ಲ ಹೊಡೀತಾನೆ ಭಾವ. ನಾನು ಗಾಡಿ ಮಾತ್ರ," ಎನ್ನುತ್ತಿದ್ದ ಹದ್ದು. ಆ ಉತ್ತರಕ್ಕೆ ಯಾರೂ ನಗುತ್ತಿರಲಿಲ್ಲ.

ಇಂಥವನು ಸಾಲವಿರುವ ಹಳೇ ಕಾರನ್ನು ಕೊಂಡ ಅಂದರೆ ಬಲೆ ನೇಯುವವನೇ ಬಲೆಗೆ ಬಿದ್ದ ಹಾಗೆ. ಆದರೂ ಕೊಂಡ. ಕಾರು ಭಾವನದು. ಬೂದು ಬಣ್ಣ, ಒಳ್ಳೆಯ ಎಂಜಿನ್, ಎಡಗಡೆ ಹಿಂಬಾಗಿಲಿನ ಮೇಲೆ ಕೈಬೆರಳುದ್ದದ ಒಂದು ಗೀರು. ಭಾವ ಏನನ್ನೂ ಮುಚ್ಚಿಡಲಿಲ್ಲ. "ಸಾಲ ಇನ್ನೂ ಇದೆ ಕಣೋ. ನೀನು ಪೂರ್ತಿ ದುಡ್ಡು ಕೊಟ್ಟುಬಿಡು. ಸೋಮವಾರ ಹೋಗಿ ಒಂದೇ ಏಟಿಗೆ ತೀರಿಸಿ, ಗಾಡಿ ನಿನ್ನ ಹೆಸರಿಗೆ ಮಾಡಿಸಿಕೊಡ್ತೀನಿ."

"ಸಾಲದ್ದು ನಾನೇ ನೇರ ಕಂಪನಿಗೆ ಕಟ್ತೀನಿ ಭಾವ. ಉಳಿದಿದ್ದು ನಿನ್ನ ಕೈಗೆ." ಊರವರಿಗೆಲ್ಲ ಅವನು ಹೇಳುತ್ತಿದ್ದ ಬುದ್ಧಿಮಾತು ಇದೇ ಆಗಿತ್ತು.

ಭಾವನ ಮುಖ ಸಪ್ಪಗಾಯಿತು. ಅಡುಗೆಮನೆ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಅಕ್ಕ, "ಕಂಡೋರ ಹತ್ರ ವ್ಯವಹಾರ ಮಾಡಿದ ಹಾಗೆ ಮಾಡ್ತೀಯಲ್ಲೋ. ನಾನಿಲ್ವಾ ಇಲ್ಲಿ?" ಎಂದಳು.

ತಾಯಿ ಸತ್ತ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಹದ್ದು ಕೂಡಿಟ್ಟಿದ್ದನ್ನೆಲ್ಲ ತಂದು ಭಾವನ ಕೈಯಲ್ಲಿಟ್ಟ. ಭಾವ ಎರಡು ಕೀಗಳನ್ನು ಇವನ ಕೈಯಲ್ಲಿಟ್ಟ.

ಭಾವನ ಸೋಮವಾರ ಬರಲೇ ಇಲ್ಲ. ದುಡ್ಡು ಹೋಗಿ ಪ್ರೆಸ್ಸಿನ ಮೂಲೆಯಲ್ಲಿ ಬಣ್ಣದ ಮುದ್ರಣದ ಹೊಸ ಯಂತ್ರವಾಗಿ ಕೂತಿತು. ಕೆಲವು ತಿಂಗಳು ಭಾವ ಸದ್ದಿಲ್ಲದೆ ಹಳೇ ಕಂತನ್ನೇ ಕಟ್ಟಿದ. ಯಂತ್ರಕ್ಕೆ ಕೆಲಸ ಸಿಗದಿದ್ದಾಗ ಅದನ್ನೂ ನಿಲ್ಲಿಸಿದ. ಒಂದು ಬೆಳಿಗ್ಗೆ ಫೈನಾನ್ಸ್ ಕಂಪನಿಯ ಮ್ಯಾನೇಜರ್ ಹದ್ದನ್ನು ಒಳಗೆ ಕರೆದ.

"ಈ ನಂಬರ್ ಗುರುತು ಸಿಕ್ತಾ?"

"ನಮ್ಮನೆ ಮುಂದೆ ನಿಂತಿದೆ ಸರ್."

"ಗೊತ್ತು. ಬೇರೆ ಹುಡುಗರನ್ನ ಕಳಿಸಲಾ, ನೀನೇ ತರ್ತೀಯಾ?"

ಅವನೇ ತಂದ. ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಹದ್ದು ಬಾಗಿಲು ತೆಗೆದ. ಹಿಂದಿನ ಜೇಬಿನಲ್ಲಿ ಯಾವಾಗಲೂ ಮಡಚಿ ಇಟ್ಟುಕೊಳ್ಳುತ್ತಿದ್ದ ಖಾಲಿ ಹಿಟ್ಟಿನ ಚೀಲ ಬಿಡಿಸಿ, ಅವಳ ಕೊಡೆ, ತನ್ನ ಸ್ವೆಟರು, ಅರ್ಧ ಖಾಲಿಯಾದ ಪೆಪ್ಪರಮಿಂಟಿನ ಡಬ್ಬಿ ತುಂಬಿ, ಬಾಯಿಗೆ ಎರಡು ಗಂಟು ಹಾಕಿ, ನಾಯಿಗೆ ಎಟುಕದ ಹಾಗೆ ಗೇಟಿನ ಚಿಲಕಕ್ಕೆ ಸಿಕ್ಕಿಸಿದ.

"ಯಾರಿಗೆ ಬಿಟ್ಟು ಹೋಗ್ತಿದ್ದೀರಿ ಅದನ್ನ? ಕೈಗೆ ಕೊಟ್ಟರೆ ಆಗಲ್ವಾ?" ಎಂದಳು ಹೆಂಡತಿ.

ಪಕ್ಕದ ಮನೆಯವನು ಕಿಸಕ್ಕನೆ ನಕ್ಕ.

ಅದನ್ನೂ ಹದ್ದು ನುಂಗಿಕೊಂಡ. ನುಂಗಲಾಗದ್ದು ಅದೇ ಸಂಜೆ ಅಕ್ಕನ ಮನೆಯಲ್ಲಿ ನಡೆಯಿತು. ಇವನು ಕೂಗಾಡಿದ. ಭಾವ ತಲೆ ತಗ್ಗಿಸಿ ಕೇಳಿದ, ಕೊಡ್ತೀನಿ ಕಣೋ ಅಂದ, ಯಂತ್ರದ ಕತೆ ಹೇಳಿದ. ಆಮೇಲೆ ತಡೆಯಲಾರದೆ, "ಆದರೂ ನಿನ್ನ ಗಾಡೀನ ನೀನೇ ಕದ್ದುಬಿಟ್ಟೆಯಲ್ಲೋ!" ಎಂದ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಯ ಹಿಂದೆ ಅವಳು ನಗುತ್ತಿದ್ದಳು. ಒಂದು ಕ್ಷಣ, ಅಷ್ಟೇ. ಆ ಒಂದು ಕ್ಷಣ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತಿತು.

ಮರುದಿನ, ಎತ್ತಿ ತಂದ ಗಾಡಿಗಳನ್ನು ನಿಲ್ಲಿಸುವ ಯಾರ್ಡಿನಲ್ಲಿ ಮ್ಯಾನೇಜರ್ ಎರಡನೇ ಕೀ ಎಲ್ಲಿ ಅಂತ ಕೇಳಿದಾಗ ಹದ್ದು, "ಭಾವನ ಹತ್ರಾನೇ ಇದೆ ಸರ್. ಕಳೆದುಹೋಗಿದೆ ಅಂತಾನೆ" ಎಂದ. ಯಾಕೆ ಹಾಗೆ ಹೇಳಿದನೋ ಆಗ ಅವನಿಗೇ ಗೊತ್ತಿರಲಿಲ್ಲ. ಕೀ ಅವನ ಜೇಬಿನಲ್ಲೇ ಇತ್ತು.

ಗೊತ್ತಾದದ್ದು ಕಾರು ಹರಾಜಾದ ಮೇಲೆ. ಕೊಂಡವಳು ಒಬ್ಬ ಕನ್ನಡಕದ ಅಂಗಡಿಯವಳು. ಅವಳ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರದಲ್ಲಿ ಮೂರು ಬೆಳಿಗ್ಗೆ ಆಸ್ಪತ್ರೆಗೆ ಒಯ್ದು ತರಬೇಕು. ಮ್ಯಾನೇಜರ್ ಅವಳಿಗೆ, "ಇನ್ನೊಂದು ಕೀ ಹಳೇ ಮಾಲೀಕನ ಹತ್ರ ಉಳಿದಿದೆ ಮೇಡಂ, ಬೇಕಾದ್ರೆ ಲಾಕ್ ಬದಲಾಯಿಸಿಕೊಳ್ಳಿ" ಎಂದಾಗ ಹದ್ದು ಅಲ್ಲೇ ಪಕ್ಕದಲ್ಲಿ ಟೈರಿಗೆ ಗಾಳಿ ತುಂಬುತ್ತಿದ್ದ. "ಆಮೇಲೆ ನೋಡೋಣ" ಎಂದಳು ಅವಳು. ಆಮೇಲೆ ನೋಡೋಣ ಅನ್ನುವವರು ಯಾವತ್ತೂ ನೋಡುವುದಿಲ್ಲ ಅನ್ನುವುದು ಹದ್ದಿಗೆ ಹದಿನೈದು ವರ್ಷದ ಅನುಭವ.

ಅಂದು ಮನೆಗೆ ನಡೆದು ಹೋಗುವಾಗ ಇಡೀ ಉಪಾಯ ಒಂದೇ ಉಸಿರಿನಲ್ಲಿ ತಲೆಗೆ ಬಂತು. ಕಾರು ಕಳುವಾಗುತ್ತದೆ. ಗಾಜು ಒಡೆದಿರುವುದಿಲ್ಲ, ತಂತಿ ಕಿತ್ತಿರುವುದಿಲ್ಲ. ಅಂದರೆ ಕೀ ಇದ್ದವನ ಕೆಲಸ. ಕೀ ಇರುವುದು ಯಾರ ಹತ್ತಿರ? ಹಳೇ ಮಾಲೀಕನ ಹತ್ತಿರ. ಎರಡೂ ಕೀ ಭಾಮೈದನಿಗೇ ಕೊಟ್ಟಿದ್ದೆ ಅಂತ ಭಾವ ಬಡಕೊಳ್ಳಬಹುದು. ಬಡಕೊಳ್ಳಲಿ. ಸ್ವಂತ ಭಾಮೈದನ ದುಡ್ಡು ನುಂಗಿದವನ ಮಾತನ್ನು ಯಾವ ಪೊಲೀಸಿನವನು ಕೇಳುತ್ತಾನೆ? ಅಷ್ಟರಲ್ಲಿ ಕಾರು ಗುಜರಿಯವನ ಶೆಡ್ಡಿನಲ್ಲಿ ಬಿಡಿಭಾಗವಾಗಿರುತ್ತದೆ. ಕೊಟ್ಟ ದುಡ್ಡಿನಲ್ಲಿ ಒಂದು ಪಾಲಾದರೂ ವಾಪಸು ಬರುತ್ತದೆ. ಭಾವ ಒಳಗೆ ಹೋಗುತ್ತಾನೆ. ಆಗ ನಗಲಿ ಯಾರು ನಗುತ್ತಾರೋ.

ಕನ್ನಡಕದವಳ ಬಗ್ಗೆ ಯೋಚಿಸಲಿಲ್ಲ ಅಂತಲ್ಲ. ಅವಳಿಗೆ ವಿಮೆ ಇದೆ ಅಂದುಕೊಂಡ. ಅಷ್ಟರ ಮೇಲೆ ಯೋಚಿಸಲಿಲ್ಲ.

ದಿನ ಗುರುವಾರ. ವಾರವಾರವೂ ಅಂದು ಮಧ್ಯಾಹ್ನ ಭಾವ ಪ್ರೆಸ್ಸಿಗೆ ಬೀಗ ಹಾಕಿ, ಗಾಳದ ಪೆಟ್ಟಿಗೆ ಹಿಡಿದು ಕೆರೆಗೆ ಹೋಗುತ್ತಿದ್ದ. ಒಬ್ಬನೇ. ಅಲ್ಲಿದ್ದೆ ಅಂತ ಸಾಕ್ಷಿ ಹೇಳಲು ಮೀನು ಬರಬೇಕು, ಮೀನಂತೂ ಅವನ ಗಾಳಕ್ಕೇ ಬರುತ್ತಿರಲಿಲ್ಲ.

ಜಾಗ, ಕನ್ನಡಕದ ಅಂಗಡಿಯ ಹಿಂದಿನ ಓಣಿ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಬಿಡುತ್ತಿರಲಿಲ್ಲವಾಗಿ ಅವಳು ಹಿಂಬಾಗಿಲಿಗೆ ಹೊಂದಿಸಿ ನಿಲ್ಲಿಸುತ್ತಿದ್ದಳು. ಎದುರಿಗೆ ಗೋದಾಮಿನ ಕಿಟಕಿಯಿಲ್ಲದ ಗೋಡೆ. ಹದ್ದು ಮೂರು ವಾರ ಬೇರೆ ಬೇರೆ ನೆವದಲ್ಲಿ ಆ ಓಣಿ ದಾಟಿದ. ಕಾರಿನ ಹಿಂದಿನ ಸೀಟಿನಲ್ಲಿ ಮುದುಕಿಯ ದಿಂಬು, ಶಾಲು. ನೆಲದ ಮೇಲೆ ಗಿರಾಕಿಗಳಿಗೆ ತಲುಪಿಸಬೇಕಾದ ಕನ್ನಡಕಗಳ ರಟ್ಟಿನ ಡಬ್ಬ. ಇನ್ನೊಂದನ್ನೂ ಗಮನಿಸಿದ: ಕೆಲಸ ಮಾಡುವಾಗ ಅವಳು ತನ್ನ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿಕೊಂಡು, ಇಳಿಸುವುದನ್ನೇ ಮರೆಯುತ್ತಾಳೆ. ಊರಿಗೆಲ್ಲ ಕಣ್ಣು ಕೊಡುವವಳಿಗೆ ಒಂದು ಮಾರಿನಾಚೆ ಎಲ್ಲ ಮಬ್ಬು.

ಉಳಿದದ್ದು ಹದ್ದು ಆ ಹೊತ್ತಿನಲ್ಲಿ ಬೇರೆಲ್ಲೋ ಇದ್ದನೆಂಬ ಸಾಕ್ಷಿ. ಅದಕ್ಕೆ ದೇವರು ಕೊಟ್ಟದ್ದು ಒಂದು ಹುಳುಕು ದವಡೆಹಲ್ಲು. ಕನ್ನಡಕದ ಅಂಗಡಿಯಿಂದ ಎರಡು ಬೀದಿಯಾಚೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿತ್ತು. ಆ ಡಾಕ್ಟರಿಗೆ ಒಂದು ಅಭ್ಯಾಸ: ದವಡೆಗೆ ಸೂಜಿ ಚುಚ್ಚಿ, ಜೋಮು ಹಿಡಿಯಲಿ ಅಂತ ಹೊರಗೆ ಕೂರಿಸಿ, ನಡುವೆ ಇನ್ನಿಬ್ಬರು ಮೂವರನ್ನು ನೋಡಿ ಮುಗಿಸುತ್ತಿದ್ದ. ಅರ್ಧ ಗಂಟೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಹಿಂದಿನ ಸಲ ಹದ್ದು ಹೆದರಿ, ಕೀಳಿಸದೆ ಎದ್ದು ಬಂದಿದ್ದ. ಈಗ ಆ ನೋವನ್ನು ಬಂಗಾರದ ಹಾಗೆ ಕಾಪಾಡಿಕೊಂಡ. ಮಾತ್ರೆ ನುಂಗಲಿಲ್ಲ. ಒಂದೇ ದವಡೆಯಲ್ಲಿ ಅಗಿದ. "ಕೀಳಿಸಿಕೊಳ್ಳಬಾರದಾ?" ಅಂತ ಹೆಂಡತಿ ಗೊಣಗಿದರೆ, "ಗುರುವಾರ," ಎನ್ನುತ್ತಿದ್ದ.

ಗುರುವಾರ ಬಂತು. ಕ್ಲಿನಿಕ್ಕಿನಲ್ಲಿ ಕೂರಲು ಜಾಗವಿರಲಿಲ್ಲ. ಡಾಕ್ಟರು ಸೂಜಿ ಚುಚ್ಚಿ, "ಹೊರಗೆ ಕೂತಿರಿ, ಕರೀತೀನಿ" ಎಂದ. ಹದ್ದು ಮೂಲೆಯ ಕುರ್ಚಿಯ ಮೇಲೆ ಹೆಲ್ಮೆಟ್ ಇಟ್ಟ, ಅದರ ಮೇಲೆ ಕರವಸ್ತ್ರ. ಕಾಯುವ ಜಾಗದಲ್ಲಿ ಹೆಲ್ಮೆಟ್ ಕೂತಿದ್ದರೆ ಮನುಷ್ಯ ಕೂತಂತೆಯೇ. ಯಾರೂ ಅದನ್ನು ಎಬ್ಬಿಸುವುದಿಲ್ಲ. ಬಚ್ಚಲಿನ ಪಕ್ಕದ ಬಾಗಿಲಿಂದ ಹೊರಬಿದ್ದ. ಡಾಕ್ಟರ ಡಬ್ಬದಿಂದಲೇ ಎಗರಿಸಿದ ರಬ್ಬರ್ ಕೈಗವಸು ಜೇಬಿನಲ್ಲಿತ್ತು.

ಓಣಿಯಲ್ಲಿ ಯಾರೂ ಇರಲಿಲ್ಲ. ಕೀ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಒಳಗೆ ಕೂತು ಬಾಗಿಲು ಎಳೆದುಕೊಂಡ, ಅಷ್ಟರಲ್ಲಿ ಅಂಗಡಿಯ ಹಿಂಬಾಗಿಲು ತೆರೆಯಿತು.

ಅವಳು. ಕೈಯಲ್ಲಿ ಗಾಜು ತೊಳೆದ ನೀರಿನ ಬೋಗುಣಿ. ಹದ್ದು ಸ್ಟಿಯರಿಂಗಿಗೆ ಎದೆ ಒತ್ತಿಕೊಂಡು ಕುಗ್ಗಿದ. ಅರ್ಧ ಮುಖ ಜೋಮು ಹಿಡಿದಿತ್ತು. ತುಟಿಯ ತುದಿಯಿಂದ ಜೊಲ್ಲು ಗಲ್ಲಕ್ಕೆ ಇಳಿಯುತ್ತಿದ್ದುದನ್ನು ಒರೆಸಲು ಕೈ ಎತ್ತುವ ಹಾಗಿರಲಿಲ್ಲ. ಅವಳು ಕಾರಿನ ಕಡೆಗೇ ನೋಡಿದಳು. ನೇರ ಇವನ ಕಡೆಗೆ. ಕನ್ನಡಕ ಹಣೆಯ ಮೇಲಿತ್ತು.

"ಅಮ್ಮಾ, ಊಟ ಆಯ್ತಾ?" ಎಂದಳು.

ಹದ್ದು ಇನ್ನಷ್ಟು ಕುಗ್ಗಿದ. ಆಮೇಲೆ ಕಂಡಿತು, ಅವಳ ಕಿವಿಯಲ್ಲಿ ಫೋನಿನ ತಂತಿ. "ಉಪ್ಪು ಜಾಸ್ತಿ ಹಾಕ್ಕೋಬೇಡ, ಡಾಕ್ಟ್ರು ಏನು ಹೇಳಿದ್ರು? ... ಹ್ಞೂ, ನಾನು ಬೈದ್ರೆ ಮಾತ್ರ ನಿನಗೆ ಸಿಟ್ಟು ಬರುತ್ತೆ." ನೀರು ಚೆಲ್ಲಿದಳು. ಕಾರಿನ ಚಕ್ರಕ್ಕೆ ಸಿಡಿಯಿತು. ಬಾಗಿಲು ಮುಚ್ಚಿತು.

ಅವನ ತಲೆಯಲ್ಲಿ ಏನೂ ಇರಲಿಲ್ಲ. ಒಳ್ಳೆಯದೇ ಆಯಿತು, ಕೈಗಳು ತಮ್ಮ ಕೆಲಸವನ್ನು ತಾವೇ ವಹಿಸಿಕೊಂಡವು. ಈ ಕೈಗಳು ಕೂಗಾಡುವ ಗಂಡಸರ ಮುಂದೆ, ಅಳುವ ಹೆಂಗಸರ ಮುಂದೆ, ಕಲ್ಲು ಎತ್ತಿಕೊಂಡ ಮುದುಕರ ಮುಂದೆ ಇದೇ ಕೆಲಸ ಮಾಡಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅವುಗಳಿಗೆ ಹೇಳಿಕೊಡಬೇಕಿರಲಿಲ್ಲ. ಅವನಿಗೆ ಮತ್ತೆ ಎಚ್ಚರ ಬಂದಂತಾದಾಗ ಕಾರು ಓಣಿಯ ತಿರುವಿನಲ್ಲಿತ್ತು, ಎಂಜಿನ್ನು ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ಕನ್ನಡಿಯಲ್ಲಿ ನೋಡಿದ. ಹಿಂದೆ ಯಾರೂ ಬರುತ್ತಿರಲಿಲ್ಲ.

ಗುಜರಿಯವನು ಹೇಳಿದ ಕಡೆಯೇ ನಿಂತಿದ್ದ, ಮುಚ್ಚಿಹೋದ ಟೈರ್ ಅಂಗಡಿಯ ಹಿತ್ತಲಲ್ಲಿ. ಬಾಗಿಲು ತೆಗೆದು ಒಳಗೆಲ್ಲ ಇಣುಕಿದ. "ಏನ್ ಗುರು, ಪೊರಕೆ ಹಾಕಿ ತಂದಂಗಿದೆ! ಒಂದು ಕರ್ಚೀಪೂ ಇಲ್ವಲ್ಲ."

"ಸುಚಿ ಕೆಲಸ," ಎಂದ ಹದ್ದು. ಶ ಹೊರಡಲಿಲ್ಲ, ನಾಲಿಗೆ ಜೋಮು ಹಿಡಿದಿತ್ತು. ಗುಜರಿಯವನು ನಕ್ಕು ದುಡ್ಡಿನ ಕಟ್ಟು ಕೊಟ್ಟ.

ಕ್ಲಿನಿಕ್ಕಿಗೆ ವಾಪಸು ಬಂದಾಗ ಹೆಲ್ಮೆಟ್ ಅವನ ಜಾಗ ಕಾಯುತ್ತಲೇ ಇತ್ತು. ಆದರೆ ಡಾಕ್ಟರು ಅಂದು ಇನ್ನೂ ಒಂದಿಷ್ಟು ಜನರನ್ನು ನಡುವೆ ತುರುಕಿದ. ಕುರ್ಚಿಗೆ ಒರಗುವ ಹೊತ್ತಿಗೆ ಜೋಮು ಅರ್ಧ ಇಳಿದಿತ್ತು. "ನೋವಿದೆಯಾ?" ಎಂದ ಡಾಕ್ಟರು. ಇದೆ ಅಂದರೆ ಮತ್ತೆ ಸೂಜಿ, ಮತ್ತೆ ಕಾಯುವುದು, ಯಾಕಿಷ್ಟು ಬೇಗ ಇಳಿಯಿತು ಎಂಬ ಮಾತು. ಹದ್ದು ತಲೆ ಅಲ್ಲಾಡಿಸಿದ. ಇಕ್ಕಳ ಬಿತ್ತು. ಹಲ್ಲು ಬುಡಸಮೇತ ಬರುವವರೆಗೆ ಅವನು ಚಾವಣಿಯ ಫ್ಯಾನನ್ನೇ ನೋಡುತ್ತಿದ್ದ. ಕಣ್ಣಿನ ನೀರು ತನ್ನಷ್ಟಕ್ಕೆ ಕಿವಿಗೆ ಇಳಿಯಿತು. "ಭಲೇ, ಗಟ್ಟಿಗ ನೀವು," ಎಂದ ಡಾಕ್ಟರು.

ಸಂಜೆ ಊದಿದ ಕೆನ್ನೆ ಹೊತ್ತು ಅಕ್ಕನ ಮನೆಗೆ ಹೋದ. ಅಂದಿನ ಜಗಳದ ನಂತರ ಇದೇ ಮೊದಲು. ಅಕ್ಕ ಬಾಗಿಲು ತೆಗೆದವಳೇ, "ಅಯ್ಯೋ, ಏನೋ ಇದು ಮುಖ!" ಎಂದು ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಹಲ್ಲು."

"ಮಾತಾಡಬೇಡ, ರಕ್ತ ಬರುತ್ತೆ. ಚಿಕ್ಕವನಿದ್ದಾಗಲೂ ಹಿಂಗೇ, ಪೂರ್ತಿ ಕೊಳೆಯೋ ತನಕ ಹೇಳ್ತಿರಲಿಲ್ಲ." ಹಾಲು ತಣ್ಣಗೆ ಮಾಡಿ ತರಲು ಒಳಗೆ ಹೋದಳು. ಭಾವ ಕೆರೆಯಿಂದ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದ, ಸಿಳ್ಳೆ ಹಾಕುತ್ತಿದ್ದ. ಗಾಳದ ಪೆಟ್ಟಿಗೆ ಚಪ್ಪಲಿಗಳ ಪಕ್ಕದಲ್ಲಿತ್ತು. ಹದ್ದು ಮುಚ್ಚಳ ಎತ್ತಿ, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳ ಕೆಳಗೆ ಕೀ ಸರಿಸಿದ. ಅಕ್ಕ ಲೋಟ ಹಿಡಿದು ಬರುವಾಗ ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ನಿನ್ನ ದುಡ್ಡು ನಾನು ಕೊಡಿಸ್ತೀನಿ ಕಣೋ. ಆ ಯಂತ್ರ ಮಾರಿಸ್ತಿದ್ದೀನಿ. ಗಿರಾಕಿ ಬಂದು ನೋಡಿ ಹೋಗಿದ್ದಾನೆ. ಹೇಳೋಣ ಅಂತಲೇ ಇದ್ದೆ."

ಹದ್ದು ಲೋಟ ಹಿಡಿದು ಚಪ್ಪಲಿಗಳ ಕಡೆ ನೋಡಿದ. ಪೆಟ್ಟಿಗೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ ಕೀ ತೆಗೆಯಬಹುದಿತ್ತು. ಬಚ್ಚಲಿಂದ ಭಾವ ಕೂಗಿದ, "ಯಾರೇ ಅದು, ಹದ್ದಾ? ಬಾಗಿಲಲ್ಲಿರೋ ನನ್ನ ಸೈಕಲ್ ಒಳಗಿಡು, ಎತ್ತಿಕೊಂಡು ಹೋದಾನು!"

ಹದ್ದು ಹಾಲು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮನೆಗೆ ಹೋದ.

ಎಲ್ಲ ಅವನು ಎಣಿಸಿದಂತೆಯೇ ನಡೆಯಿತು. ಕನ್ನಡಕದವಳು ದೂರು ಕೊಟ್ಟಳು. ಮ್ಯಾನೇಜರ್ ಎರಡನೇ ಕೀ ವಿಷಯ ಹೇಳಿದ. ಪೊಲೀಸರು ಭಾವನ ಮನೆ ಹುಡುಕಿದರು. ಗಾಳದ ಪೆಟ್ಟಿಗೆಯಲ್ಲಿ ಕೀ ಸಿಕ್ಕಿತು. ಎಲ್ಲಿದ್ದೆ ಅಂದರೆ ಕೆರೆಯಲ್ಲಿ, ಜೊತೆಗೆ ಯಾರಿದ್ದರು ಅಂದರೆ ಯಾರೂ ಇಲ್ಲ. ಹದ್ದನ್ನೂ ಠಾಣೆಗೆ ಕರೆಸಿದರು, ಸಾಕ್ಷಿಯೆಂದು. ಅವನು ಹಲ್ಲು ಕಿತ್ತ ಕೆನ್ನೆಯ ಊತ ಇನ್ನೂ ಇಳಿಯದೆ, ಗಂಭೀರವಾಗಿ ಕೂತು, ಎರಡನೇ ಕೀ ತಾನು ಕಂಡೇ ಇಲ್ಲವೆಂದ. ಎದುರಿನ ಬೆಂಚಿನಲ್ಲಿ ಭಾವ ಕೂತಿದ್ದ. ಅವನು ನಗುತ್ತಿರಲಿಲ್ಲ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳೂ ನಗುತ್ತಿರಲಿಲ್ಲ. ಕನ್ನಡಕದವಳೂ ಮ್ಯಾನೇಜರೂ ಮೇಜಿನ ಪಕ್ಕ ಕೂತಿದ್ದರು. ಎಲ್ಲರ ಸಹಿ ಆಗಿ, ಇನ್ನೇನು ಏಳಬೇಕು ಅನ್ನುವಾಗ ಇನ್‌ಸ್ಪೆಕ್ಟರು, "ಒಂದು ನಿಮಿಷ. ಮೇಡಂ, ಇದನ್ನ ಮರೆತಿದ್ದೀರಿ, ತಗೊಂಡು ಹೋಗಿ" ಎಂದು ಮೇಜಿನ ಕೆಳಗಿಂದ ಒಂದನ್ನು ಎತ್ತಿ ಇಟ್ಟ.

ಅದು ಖಾಲಿ ಹಿಟ್ಟಿನ ಚೀಲ. ಈಗ ಖಾಲಿಯಿರಲಿಲ್ಲ, ಬಾಯಿಗೆ ಎರಡು ಗಂಟು ಹಾಕಿತ್ತು. "ಅಮ್ಮನ ದಿಂಬು, ಶಾಲು, ಅಷ್ಟೊಂದು ಜನರ ಕನ್ನಡಕ," ಎಂದಳು ಅಂಗಡಿಯವಳು, "ಹಿಂಬಾಗಿಲ ಚಿಲಕಕ್ಕೆ ನೇತು ಹಾಕಿ ಹೋಗಿದ್ದಾನೆ. ಒಂದು ಗಾಜೂ ಒಡೆದಿಲ್ಲ, ಶಾಲು ಮಡಚಿಟ್ಟಿದ್ದಾನೆ. ಎಂಥ ಕಳ್ಳನಪ್ಪಾ!" ಮ್ಯಾನೇಜರ್ ಅಭ್ಯಾಸಬಲದಿಂದ ನಕ್ಕುಬಿಟ್ಟ. "ನಮ್ಮ ಉಳಿದ ಹುಡುಗರು ರಸ್ತೆಗೆ ಎಸೆದು ಬರ್ತಾರೆ ಸರ್. ಹಿಂಗೆ ಚಿಲಕಕ್ಕೆ ಸಿಕ್ಕಿಸಿ ಬರೋನು ನಮ್ಮಲ್ಲಿ ಒಬ್ಬನೇ..." ಎಂದವನು ಅಲ್ಲಿಗೇ ನಿಲ್ಲಿಸಿದ. ಹದ್ದಿನ ಕೈ ತಾನಾಗಿಯೇ ಹಿಂದಿನ ಜೇಬಿಗೆ ಹೋಗಿತ್ತು. ಗುರುವಾರ ತೊಟ್ಟಿದ್ದ ಅದೇ ಪ್ಯಾಂಟು, ಜೇಬು ಚಪ್ಪಟೆಯಾಗಿತ್ತು. ಆ ಕೈಯನ್ನು ಕೋಣೆಯಲ್ಲಿದ್ದವರೆಲ್ಲ ನೋಡಿದರು. "ಗಾಡಿ ಮಾತ್ರ," ಎಂದ ಭಾವ ಬೆಂಚಿನಿಂದ, ಮೆಲ್ಲಗೆ. ಅಕ್ಕ ಹದ್ದನ್ನು ನಿಜವಾದ ಹೆಸರು ಹಿಡಿದು ಕರೆದಳು, ಒಂದೇ ಸಲ. ಒಟ್ಟು ಹೋದದ್ದು ಇಷ್ಟು: ಒಂದೇ ಕಾರು ಎರಡು ಸಲ, ಒಂದು ದವಡೆಹಲ್ಲು, ಒಂದು ಕೆಲಸ, ಒಬ್ಬಳು ಅಕ್ಕ.